ಚಿಕ್ಕಮ್ಮನ ಬೂದು ಗೆರೆ

ನನ್ನ ಚಿಕ್ಕಮ್ಮ ಜೀವಮಾನವೆಲ್ಲ ಕಿವಿಯಿಂದಲೇ ಹೊಟ್ಟೆ ಹೊರೆದವಳು. ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತು ಜೋಡಿಸಿದಳು. ಎಕ್ಸ್‌ಚೇಂಜು ಮುಚ್ಚಿದ ಮೇಲೆ ಮೂರು ವರ್ಷ ನಮ್ಮ ಸಮುದ್ರ ಕಚೇರಿಯಲ್ಲಿ ಮೀನು, ಸಿಗಡಿ, ತಿಮಿಂಗಿಲಗಳ ಮಾತು ಕೇಳಿದಳು. ಎರಡರಲ್ಲಿ ಯಾವುದು ಸುಲಭ ಎಂದು ಯಾರಾದರೂ ಕೇಳಿದರೆ, "ಮೀನೇ ವಾಸಿ. ಬೈಯಲ್ಲ, ಲೈನು ಕಟ್ಟಾದರೆ ಮತ್ತೆ ಫೋನೂ ಮಾಡಲ್ಲ," ಎನ್ನುತ್ತಿದ್ದಳು. ಕಚೇರಿಯಲ್ಲಿ ಅವಳಿಗೆ ಕಿವಿಯಮ್ಮ ಎಂದೇ ಹೆಸರು. ನನಗೆ ಗೋಂದಮ್ಮ. ನನ್ನ ಕೆಲಸ ಚೀಟಿ ಅಂಟಿಸುವುದು.

ಚೀಟಿ ಅಂಟಿಸುವುದು ಎಂದರೆ ಮೂಗು ಮುರಿಯಬೇಡಿ. ಆ ಕಚೇರಿಯಲ್ಲಿ ಅದಕ್ಕಿಂತ ಜವಾಬ್ದಾರಿಯ ಕೆಲಸ ಇನ್ನೊಂದಿರಲಿಲ್ಲ. ಬಂದರಿನ ಆಚೆ ಸಮುದ್ರದ ತಳದಲ್ಲಿ ಒಂದು ಮೈಕು ಐದು ವರ್ಷ ಬಿದ್ದಿತ್ತು. ವಾರಕ್ಕೊಂದು ಟೇಪು. ಮೈಕು ಕೆಟ್ಟು ನಿಂತಾಗ ಬೀರುವಿನಲ್ಲಿ ಇನ್ನೂರ ಅರವತ್ತು ಟೇಪುಗಳಿದ್ದವು, ಕೇಳುವವರು ಯಾರೂ ಇರಲಿಲ್ಲ. ನಮ್ಮ ಸಾಹೇಬರು ಅದಕ್ಕೊಂದು ಪದ್ಧತಿ ಮಾಡಿದರು. ಕೇಳುವವರಿಗೆ ಟೇಪಿನ ತಾರೀಖು ಗೊತ್ತಾಗಬಾರದು. ಗೊತ್ತಾದರೆ, ತಿಮಿಂಗಿಲ ಬರುವ ತಿಂಗಳಲ್ಲಿ ಬಾಗಿಲು ಕಿರುಗುಟ್ಟಿದರೂ ತಿಮಿಂಗಿಲ ಎಂದು ಬರೆದುಬಿಡುತ್ತಾರೆ. ಹಾಗಾಗಿ ಸಾಹೇಬರು ಎಲ್ಲ ಟೇಪುಗಳನ್ನೂ ಇಸ್ಪೀಟು ಕಲಸಿದ ಹಾಗೆ ತಾವೇ ಕಲಸಿದರು. ನನ್ನ ಕೈಯಲ್ಲಿ ಬರೆಸಿದ್ದ ತಾರೀಖಿನ ಚೀಟಿಗಳನ್ನು ಲಕೋಟೆಗಳಲ್ಲಿ ಹಾಕಿ ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿಸಿದರು. ಚಿಕ್ಕಮ್ಮ ಒಂದು ಟೇಪು ಕೇಳಿ ಮುಗಿಸಿದ ಮೇಲೆ ಅದರ ಲಕೋಟೆ ಒಡೆದು, ಚೀಟಿಯನ್ನು ಅವಳ ಹಾಳೆಯ ಬೆನ್ನಿಗೆ ಅಂಟಿಸುವುದು ನನ್ನ ಪಾಲು. ಹಾಳೆಗಳು ಕೇಳಿದ ಕ್ರಮದಲ್ಲೇ ಬೀರುವಿಗೆ ಹೋಗುತ್ತಿದ್ದವು. ಮುಂದೆ ಯಾರೋ ದೊಡ್ಡವರು ಬಂದು ಲೆಕ್ಕ ಹಾಕುತ್ತಾರೆ ಎಂದಿತ್ತು. ಬರಲಿಲ್ಲ ಬಿಡಿ.

ಹಾಳೆ ಎಂದೆನಲ್ಲ, ಮೊದಲು ಅದು ಹಾಳೆಯಲ್ಲ, ಫಾರಂ. ತಿಮಿಂಗಿಲ, ಡಾಲ್ಫಿನ್, ಮೀನು, ಸಿಗಡಿ, ಹಡಗು, ಇತರೆ ಎಂದು ಆರು ಮನೆ. ಸದ್ದು ಕೇಳಿದರೆ ಆ ಮನೆಯಲ್ಲಿ ಒಂದು ಗುರುತು. ಚಿಕ್ಕಮ್ಮ ಮೂರೇ ದಿನಕ್ಕೆ ಫಾರಂ ಕಟ್ಟನ್ನು ಸಾಹೇಬರ ಮುಂದೆ ಇಟ್ಟಳು.

"ಆಗಲ್ಲ ಸಾರ್. ಅಲ್ಲಿ ಎಲ್ಲರೂ ಒಟ್ಟಿಗೆ ಮಾತಾಡ್ತಾರೆ. ಈ ಮನೆಗಳಲ್ಲಿ ಹಿಡಿಯಲ್ಲ."

"ಮತ್ತೇನು ಮಾಡ್ಬೇಕಮ್ಮ?"

"ನಕಾಶೆಗೆ ಹಚ್ಚೋ ಬಣ್ಣ ಇದೆಯಲ್ಲ, ಅದನ್ನ ಕೊಡಿ. ದೊಡ್ಡ ಹಾಳೆ ಕೊಡಿ. ಕೇಳಿಸಿದ್ದನ್ನ ಹಾಕ್ತೀನಿ."

ಸಾಹೇಬರು ಒಳ್ಳೆಯ ಮನುಷ್ಯ, ಸ್ವಲ್ಪ ಆಸೆಬುರುಕ. ಕೊಟ್ಟರು. ಹೀಗೆ ಐವತ್ತನೆಯ ವಯಸ್ಸಿನಲ್ಲಿ, ಒಂದು ಹೂವನ್ನೂ ನೆಟ್ಟಗೆ ಬರೆಯಲು ಬಾರದ ನನ್ನ ಚಿಕ್ಕಮ್ಮ ಚಿತ್ರ ಮಾಡುವವಳಾದಳು. ಎಡಗಿವಿಯ ಇಯರ್‌ಫೋನನ್ನು ಕಿವಿಯ ಮೇಲೆ ಇಡದೆ ಹಿಂದಿನ ಎಲುಬಿಗೆ ಒತ್ತಿಕೊಂಡು ಕೂರುತ್ತಿದ್ದಳು. ಚಿಕ್ಕಂದಿನಲ್ಲಿ ಜ್ವರ ಬಂದು ಆ ಕಿವಿ ಮಂದವಾಗಿತ್ತು, ಎಲುಬಿಗೆ ಒತ್ತಿದರೇ ಚೆನ್ನ ಎನ್ನುತ್ತಿದ್ದಳು. ಎಡಗೈ ಟೇಪಿನ ಗುಂಡಿಯ ಮೇಲೆ, ಬಲಗೈಯಲ್ಲಿ ಕುಂಚ, ಕಣ್ಣು ಮುಚ್ಚಿ. ಸಿಗಡಿಗಳ ಚಟಪಟಕ್ಕೆ ಹಾಳೆಯ ತುಂಬ ಬಿಳಿ ಚುಕ್ಕೆ. ಡಾಲ್ಫಿನ್ನಿನ ಸಿಳ್ಳೆಗೆ ಹಳದಿಯ ಗೀರು. ಗೊರಕೆ ಹೊಡೆಯುವ ಒಂದು ಜಾತಿಯ ಮೀನಿದೆ, ಅದಕ್ಕೆ ಕಂದು ಪಟ್ಟಿಗಳು, ಒಂದರ ಮೇಲೊಂದು. ತಿಮಿಂಗಿಲ ಬಂದರೆ ಮಾತ್ರ ಎದ್ದು ನಿಂತು, ಇಡೀ ತೋಳು ಬೀಸಿ ನೀಲಿ ಎಳೆಯುತ್ತಿದ್ದಳು. ಒಂದೇ ನಿಯಮ: ದೂರದ ಸದ್ದು ಹಾಳೆಯ ಕೆಳಗೆ, ಹತ್ತಿರದ್ದು ಮೇಲೆ. ಅದನ್ನು ಅವಳು ಒಂದು ದಿನವೂ ಮುರಿಯಲಿಲ್ಲ.

ಮತ್ತು ಪ್ರತಿ ಹಾಳೆಯಲ್ಲೂ ಒಂದು ಬೂದು ಗೆರೆ. ಎಡ ಅಂಚಿನ ಆಚೆಯಿಂದ ಬಂದು ಬಲ ಅಂಚಿನ ಆಚೆಗೆ ಹೋಗುವ ಗೆರೆ. ಕುಂಚ ಹಾಳೆ ದಾಟಿ ಹಲಗೆಯ ಮೇಲೂ ಹರಿದಿರುತ್ತಿತ್ತು. ಅದಕ್ಕೆ ಡಬ್ಬಿಯ ಯಾವ ಬಣ್ಣವೂ ಹೊಂದಲಿಲ್ಲವಂತೆ, ಕುಂಚ ತೊಳೆದ ಲೋಟದ ಕೊಳಕು ನೀರಿಗೆ ಒಂದು ತೊಟ್ಟು ಶಾಯಿ ಬಿಟ್ಟು ಎಳೆಯುತ್ತಿದ್ದಳು.

"ಇದ್ಯಾವ ಪ್ರಾಣಿ ಚಿಕ್ಕಮ್ಮ?" ಎಂದು ನಾನು ಮೊದಲ ವಾರವೇ ಕೇಳಿದ್ದೆ.

"ಗೊತ್ತಿಲ್ಲ ಕಣೇ. ಇದು ಬಾಯಿ ಮುಚ್ಚೋದೇ ಇಲ್ಲ."

ಇಯರ್‌ಫೋನು ಹಾಕಿಕೊಂಡು ನಾನೂ ಕೇಳಿದೆ. ಏನೂ ಇಲ್ಲ. ಸಾಹೇಬರು ಕೇಳಿದರು. ಏನೂ ಇಲ್ಲ, ಆದರೆ ಹಿಂದಿನ ಹಲ್ಲು ನೋವು ಶುರುವಾಯಿತು ಎಂದು ದವಡೆ ಹಿಡಿದುಕೊಂಡು ಮನೆಗೆ ಹೋದರು. ಆ ಗೆರೆಯೂ ಒಂದೇ ಕಡೆ ಇರುತ್ತಿರಲಿಲ್ಲ. ಒಂದು ಹಾಳೆಯಲ್ಲಿ ತಳಕ್ಕೆ ಅಂಟಿಕೊಂಡಿರುತ್ತಿತ್ತು, ಮುಂದಿನ ಹಾಳೆಯಲ್ಲಿ ನಡುವಿನ ಹತ್ತಿರ, ಅದರ ಮುಂದಿನದರಲ್ಲಿ ಮತ್ತೆ ಕೆಳಗೆ. "ಒಂದಿನ ಹತ್ತಿರ ಇರತ್ತೆ, ಒಂದಿನ ದೂರ ಹೋಗತ್ತೆ, ಇದೆಂಥ ಪ್ರಾಣಿಯಮ್ಮ?" ಎಂದು ಸಾಹೇಬರು ತಲೆ ಕೆರೆದುಕೊಂಡರೆ, "ಕೇಳಿಸಿದ ಹಾಗೆ ಹಾಕಿದ್ದೀನಿ ಸಾರ್," ಎನ್ನುತ್ತಿದ್ದಳು. ಸಾಹೇಬರಿಗೆ ಇದು ಯಾರೂ ಕಾಣದ ಹೊಸ ಜೀವಿಯೇ ಇರಬೇಕೆಂಬ ಆಸೆ ಹುಟ್ಟಿತು. ಮೂರು ಸಲ ದೋಣಿ ಕಳಿಸಿದರು. ಮೂರು ಸಲವೂ ದೋಣಿ ಬರಿಗೈಯಲ್ಲಿ ಬಂತು.

ಆ ಹಾಳೆಗಳಲ್ಲಿ ಮೂವತ್ತನ್ನು ಆರಿಸಿ ಬಂದರಿನ ಸಭಾಂಗಣದಲ್ಲಿ ತೂಗುಹಾಕಿದ್ದೂ ಅವರೇ. ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ಬಂದವರ ಸಹಿ ತೆಗೆದುಕೊಳ್ಳುತ್ತಿದ್ದೆ. ಶಾಲೆಯ ಚಿತ್ರಕಲೆ ಮೇಷ್ಟ್ರೊಬ್ಬರು ಬಂದು ಎಲ್ಲವನ್ನೂ ನೋಡಿ, "ಸಮುದ್ರದ ಪ್ರಾಣಿಗಳು ಅಂದಿರಿ, ಇದರಲ್ಲಿ ಒಂದು ಮೀನೂ ಇಲ್ವಲ್ಲಮ್ಮ?" ಎಂದರು. "ನಂಗೆ ಯಾವ ಮೀನೂ ಕಂಡಿಲ್ಲ ಸಾರ್, ಕೇಳಿಸಿದೆ ಅಷ್ಟೇ," ಎಂದಳು ಚಿಕ್ಕಮ್ಮ. ಮೇಷ್ಟ್ರು ಇನ್ನೊಂದು ಸುತ್ತು ನೋಡಿದರು.

ನಾನು ಬಾಗಿಲಲ್ಲೇ ಇದ್ದೆನಾದ್ದರಿಂದ ಬಂದವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಎರಡನೆಯ ದಿನ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಾರೇ ಆಗಲಿ, ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರೆ ಅವರ ಎಡಗೈ ತಾನಾಗಿ ಮೇಲೆದ್ದು ಕಿವಿಯ ಹಿಂದಕ್ಕೆ ಹೋಗುತ್ತಿತ್ತು. ಕಚ್ಚಿದ ಸೊಳ್ಳೆಯನ್ನು ಮುಟ್ಟಿ ನೋಡುವ ಹಾಗೆ. ಮುಟ್ಟುವುದು, ಕೈ ಇಳಿಸುವುದು, ಒಂದು ಸಲ ಹಿಂದೆ ತಿರುಗಿ ನೋಡುವುದು. ಹಿಂದೆ ನಾನು, ನನ್ನ ಪುಸ್ತಕ. ಗುಡಿಸುವಾಕೆ ಮಾತ್ರ ಚಿತ್ರಗಳಿಗೆ ಬೆನ್ನು ಕೊಡುತ್ತಲೇ ಇರಲಿಲ್ಲ. ಮುಖ ಗೋಡೆಯ ಕಡೆಗಿಟ್ಟುಕೊಂಡು ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತ ಗುಡಿಸುತ್ತಿದ್ದಳು. ಯಾಕಮ್ಮ ಎಂದರೆ, "ಬೆನ್ನು ಹಾಕಿದ್ರೆ ಹತ್ತಿರ ಬಂದ ಹಾಗಾಗತ್ತೆ," ಎಂದಳು. ನಾನು ನಕ್ಕೆ. ನಗು ಪೂರ್ತಿ ಬರಲಿಲ್ಲ.

ಮೂರನೆಯ ವರ್ಷ ಚಿಕ್ಕಮ್ಮನ ಬಲಗಿವಿಯೂ ಮಂದವಾಗತೊಡಗಿತು. ಕರೆದರೆ ಎರಡನೆಯ ಸಲಕ್ಕೆ ತಿರುಗುತ್ತಿದ್ದಳು. ನಾನೇ ಬಲವಂತ ಮಾಡಿ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಒಂದು ಗಂಟೆ ಪರೀಕ್ಷೆ ಮಾಡಿದರು.

"ಬಲಗಿವಿ ಹೋಗ್ತಾ ಇದೆ. ಎಡಗಿವಿ ಸತ್ತು ನಲವತ್ತು ವರ್ಷ ಆಗಿರ್ಬೇಕು. ಈ ಕಿವೀಲಿ ನಿಮಗೆ ಏನಾದ್ರೂ ಕೇಳಿಸತ್ತಾ?"

"ಒಂದು ಕೇಳಿಸತ್ತೆ," ಎಂದಳು ಚಿಕ್ಕಮ್ಮ. ಆ ಬೂದು ಗೆರೆಯ ಸದ್ದಿನ ವಿಷಯ ಹೇಳಿದಳು.

"ಟೇಪು ನಿಲ್ಲಿಸಿದ ಮೇಲೂ ಕೇಳಿಸತ್ತಾ?"

ಚಿಕ್ಕಮ್ಮನಿಗೆ ಸುಳ್ಳು ಬರುತ್ತಿರಲಿಲ್ಲ. "ಒಂದೊಂದು ಸಲ ಮನೇಲೂ ಕೇಳಿಸತ್ತೆ ಡಾಕ್ಟ್ರೇ."

ಡಾಕ್ಟರು ಪೆನ್ನು ಕೆಳಗಿಟ್ಟರು. ಸತ್ತ ಕಿವಿ ಕೆಲವರಲ್ಲಿ ತಾನೇ ಸದ್ದು ಮಾಡಿಕೊಳ್ಳುತ್ತದೆ, ನೆಗಡಿಯಾದ ದಿನ ಹೆಚ್ಚು, ಮಿಕ್ಕ ದಿನ ಕಡಿಮೆ, ಹೊರಗೆ ಏನೂ ಇರುವುದಿಲ್ಲ ಎಂದು ತಿಳಿಸಿ ಹೇಳಿದರು. ಹಾಗೇ ಬರೆದೂ ಕೊಟ್ಟರು.

ಇನ್ನು ನನ್ನ ಕಥೆ. ಆ ದಿನದ ನಮ್ಮಿಬ್ಬರ ರಜೆಗೆ ಅರ್ಜಿ ಹಾಕಬೇಕಿತ್ತು. ರಜೆ ಅರ್ಜಿಗೆ ಕಾಗದ ಲಗತ್ತಿಸಬೇಕು. ಡಾಕ್ಟರು ಎರಡು ಕಾಗದ ಕೊಟ್ಟಿದ್ದರು: ಒಂದರಲ್ಲಿ "ಪರೀಕ್ಷೆಗೆ ಬಂದಿದ್ದರು" ಎಂಬ ಒಂದು ಸಾಲು, ಇನ್ನೊಂದರಲ್ಲಿ ಮೊದಲಿಂದ ಕೊನೆತನಕ ಎಲ್ಲವೂ. ಹದಿನೈದು ವರ್ಷ ಕಾಗದಕ್ಕೆ ಕಾಗದ ಅಂಟಿಸಿ ಅಂಟಿಸಿ ನನ್ನ ಬುದ್ಧಿಗೂ ಗೋಂದು ಹತ್ತಿತ್ತು. ಎರಡನ್ನೂ ಸೇರಿಸಿ, ಮೂಲೆಗೆ ಪಿನ್ನು ಚುಚ್ಚಿ, ಅರ್ಜಿಯನ್ನು ಸಾಹೇಬರ ಮೇಜಿನ ಮೇಲೆ ಇಟ್ಟುಬಿಟ್ಟೆ. ಪೂರ್ತಿ ಇದ್ದರೆ ಒಳ್ಳೆಯದಲ್ಲವೇ ಎಂಬ ಹೆಮ್ಮೆ ಬೇರೆ.

ಸಾಹೇಬರು ಓದಿದರು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅರ್ಜಿಯ ಜೊತೆ ಆ ಕಾಗದವೂ ಮೇಲಿನವರಿಗೆ ಹೋಯಿತು, ಅವರ ಸಭೆಯಲ್ಲಿ ಒಬ್ಬ ಹೆಂಗಸಿನ ಕಿವಿಯ ರೋಗದ ಬೆನ್ನು ಹತ್ತಿ ಮೂರು ಸಲ ದೋಣಿ ಕಳಿಸಿದವರು ಎಂದು ಅವರನ್ನು ನಕ್ಕು ಹೈರಾಣ ಮಾಡಿದರಂತೆ. ಬೂದು ಗೆರೆ ಸುಳ್ಳಾದರೆ ನೀಲಿ ಮಾತ್ರ ಹೇಗೆ ನಿಜ ಎಂದು ಯಾರೋ ಕೇಳಿದರು. ಅಲ್ಲಿಗೆ ಮುಗಿಯಿತು. ಹತ್ತೊಂಬತ್ತು ಟೇಪು ಉಳಿದಿದ್ದವು, ಕೇಳುವುದು ಬೇಡ ಎಂದರು. ಚಿಕ್ಕಮ್ಮ ಕುಂಚ ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟು, ಒಂದು ಕ್ಷಮಾಪಣೆ ಬರೆದಳು: "ನನ್ನ ಕಿವಿಯ ತಪ್ಪಿನಿಂದ ಕಚೇರಿಗೆ ತೊಂದರೆಯಾಯಿತು." ಅದನ್ನೂ ಫೈಲಿಗೆ ಅಂಟಿಸಿದ್ದು ನಾನೇ.

ಅಲ್ಲಿಂದ ನಾಲ್ಕು ವರ್ಷವಾಯಿತು, ಅವಳು ನನ್ನ ಜೊತೆಗೇ ಇದ್ದಾಳೆ. ಬಲಗಿವಿಯೂ ನಿಧಾನವಾಗಿ ಹೋಯಿತು. ಅದು ಹೋಗುವುದಕ್ಕಿಂತ ಮುಂಚೆ ಇನ್ನೊಂದು ಹೋಗಿತ್ತು, ಅದೇ ನನ್ನನ್ನು ಸುಡುವುದು. ಅವಳಿಗೆ ತನ್ನ ಮೇಲಿನ ನಂಬಿಕೆಯೇ ಹೋಯಿತು. ಬಾಗಿಲ ಗಂಟೆ ಬಾರಿಸಿದರೆ ಏಳುತ್ತಿರಲಿಲ್ಲ, ನನ್ನ ತೋಳು ಮುಟ್ಟಿ, "ಇದು ಇದೆಯಾ?" ಎನ್ನುತ್ತಿದ್ದಳು. ನಲ್ಲಿಯಲ್ಲಿ ನೀರು ಬಂದರೆ, "ಇದು ಇದೆಯಾ?" ಮೇಲಿನ ಮನೆಯ ಮಗು ಅತ್ತರೆ, "ಇದು ಇದೆಯಾ?" ಇದೆ ಚಿಕ್ಕಮ್ಮ, ಇದೆ ಎಂದು ನಾನು ಹೇಳಿದ ಮೇಲೇ ಅವಳಿಗೆ ಅದು ಇರುತ್ತಿತ್ತು. ಪೂರ್ತಿ ಕಿವುಡಾದ ಮೇಲೆ ಒಂದು ಸ್ಲೇಟು ತಂದುಕೊಟ್ಟೆ, ನಾನು ಹೇಳುವುದನ್ನು ಅದರಲ್ಲಿ ಬರೆಯುತ್ತೇನೆ. ಕೇಳುವುದು ನಿಂತ ಮೇಲೆ ಆ ಪ್ರಶ್ನೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಮಧ್ಯಾಹ್ನ ತಟ್ಟೆಯ ಮುಂದೆ ಕೂತಿದ್ದಾಗ ಒಮ್ಮೊಮ್ಮೆ ಅವಳ ಕೈ ನಿಂತುಬಿಡುತ್ತಿತ್ತು. ನನ್ನ ಮುಖ ನೋಡುತ್ತಿದ್ದಳು. ತುಟಿ ತೆರೆದು, ಏನೂ ಕೇಳದೆ, ಮತ್ತೆ ಊಟಕ್ಕೆ ತಲೆ ಬಗ್ಗಿಸುತ್ತಿದ್ದಳು.

ಹೋದ ತಿಂಗಳು ನಮ್ಮ ಕಚೇರಿಯನ್ನು ಬೇರೆ ಕಟ್ಟಡಕ್ಕೆ ಸಾಗಿಸಿದರು. ಸಾಹೇಬರಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಹೊಸಬರು ಬೀರು ತೆಗೆಸಿ, "ಈ ಬಣ್ಣದ ರದ್ದಿ ಎಲ್ಲ ಯಾಕೆ?" ಎಂದರು. ಇನ್ನೂರ ನಲವತ್ತೊಂದು ಹಾಳೆಗಳನ್ನು ಎರಡು ಮೂಟೆ ಕಟ್ಟಿ, ಕುಂಚದ ಡಬ್ಬಿಯ ಜೊತೆ ಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದೆ. ದಾರಿಯಲ್ಲಿ ಒಂದು ಮೂಟೆಯ ಹಗ್ಗ ಕಳಚಿ ಎಲ್ಲ ಕಲಸಿಹೋಯಿತು. ಹಾಳಾಗಿ ಹೋಗಲಿ ಎಂದು ಹಾಗೇ ಮಂಚದ ಕೆಳಗೆ ತಳ್ಳಬಹುದಿತ್ತು, ಬೇರೆ ಯಾರಾದರೂ ತಳ್ಳುತ್ತಿದ್ದರು. ನನ್ನ ಜಾಯಮಾನ ಅದಲ್ಲ. ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಸ್ನಾನಕ್ಕೆ ಹೋದಾಗ ನೆಲದ ಮೇಲೆ ಕೂತು ಜೋಡಿಸತೊಡಗಿದೆ. ಹಾಳೆಯ ಮುಂದಿನ ಮೂಲೆಯಲ್ಲಿ ಚಿಕ್ಕಮ್ಮ ಹಾಕಿದ ನಂಬರು ಇತ್ತು, ಮೊದಲು ಕೇಳಿದ್ದು ಒಂದು, ಆಮೇಲೆ ಕೇಳಿದ್ದು ಎರಡು. ಆದರೆ ಪೆನ್ಸಿಲು ಮಾಸಿತ್ತು, ನನಗೆ ಕನ್ನಡಕ ಸಿಗಲಿಲ್ಲ. ಬೆನ್ನಿನ ಚೀಟಿ ನನ್ನದೇ ಕೈಬರಹ, ದೊಡ್ಡ ಅಕ್ಷರ. ತಾರೀಖಿನ ಪ್ರಕಾರ ಜೋಡಿಸಿದೆ, ಹಳೆಯದು ತಳಕ್ಕೆ.

ಹಾಳೆ ದಪ್ಪದ್ದು. ಜೋಡಿಸಿ ಮುಗಿಸುವಷ್ಟರಲ್ಲಿ ಕಟ್ಟು ಒಂದು ದಿಂಬಿನಷ್ಟು ಎತ್ತರವಾಗಿತ್ತು. ನಾಲ್ಕೂ ಕಡೆ ತಟ್ಟಿ ಸಮ ಮಾಡಿ, ಹಗ್ಗ ಕಟ್ಟಲು ಎಡಬದಿಗೆ ಬಂದು ಕೂತೆ.

ಕಟ್ಟಿನ ಬದಿಯಲ್ಲಿ ಒಂದು ಗೆರೆ ಇತ್ತು. ಹಾಳೆಗಳ ಅಂಚುಗಳ ಮೇಲೆ, ತಳದ ಹಾಳೆಯ ಕೆಳಮೂಲೆಯಿಂದ ಶುರುವಾಗಿ ಒಂದೊಂದೇ ಕೂದಲೆಳೆ ಸರಿಯುತ್ತ ಮೇಲಿನ ಹಾಳೆಯ ನಡುವಿನ ಹತ್ತಿರದವರೆಗೆ, ಓರೆಯಾಗಿ, ಅಡ್ಡಿಯಿಲ್ಲದೆ. ಪ್ರತಿ ಹಾಳೆಯಲ್ಲೂ ಅಂಚು ದಾಟಿ ಹರಿದಿತ್ತಲ್ಲ ಆ ಬೂದು ಬಣ್ಣ, ಆ ಇನ್ನೂರ ನಲವತ್ತೊಂದು ಬೂದು ಚುಕ್ಕೆಗಳು ಸೇರಿ ಒಂದೇ ಗೆರೆಯಾಗಿದ್ದವು. ಸ್ಕೇಲು ಇಟ್ಟು ಎಳೆದಿದ್ದರೂ ಅಷ್ಟು ನೇರ ಬರುತ್ತಿರಲಿಲ್ಲ.

ಕನ್ನಡಕ ಹುಡುಕಿ ತಂದು, ಮಾಸಿದ ನಂಬರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, ಅಷ್ಟೂ ಹಾಳೆಗಳನ್ನು ಚಿಕ್ಕಮ್ಮ ಕೇಳಿದ ಕ್ರಮದಲ್ಲಿ ಜೋಡಿಸಿದೆ. ಬದಿಯಲ್ಲಿ ಗೆರೆ ಇಲ್ಲ. ಚೆಲ್ಲಿದ ಮೆಣಸಿನ ಪುಡಿಯ ಹಾಗೆ ಚುಕ್ಕೆಗಳು. ಮತ್ತೆ ತಾರೀಖಿನ ಪ್ರಕಾರ ಜೋಡಿಸಿದೆ. ಗೆರೆ ಬಂತು.

ನಾನು ಗೋಂದಮ್ಮ ಇರಬಹುದು, ಪೆದ್ದಿಯಲ್ಲ. ರೋಗ ಕಿವಿಯದಾಗಿದ್ದರೆ ಗೆರೆ ಕಿವಿಯ ದಿನಗಳಂತೆ ಏರಬೇಕಿತ್ತು, ಅಂದರೆ ಅವಳು ಕೇಳಿದ ಕ್ರಮದಲ್ಲಿ. ಅದು ಏರಿದ್ದು ಸಮುದ್ರದ ದಿನಗಳಂತೆ. ಆ ತಾರೀಖುಗಳು ಅವಳಿಗೆ ಗೊತ್ತಿರಲಿಲ್ಲ. ಅವು ಲಕೋಟೆಯಲ್ಲಿದ್ದವು, ಲಕೋಟೆ ನನ್ನ ಡ್ರಾಯರಿನಲ್ಲಿತ್ತು, ಬೀಗದ ಕೈ ನನ್ನ ಕುತ್ತಿಗೆಯಲ್ಲಿತ್ತು. ಇಡೀ ಜಗತ್ತಿನಲ್ಲಿ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬಹುದಾಗಿದ್ದವಳು ನಾನೊಬ್ಬಳೇ. ಮೂರು ವರ್ಷ ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸಿದೆ, ಒಮ್ಮೆಯೂ ನೋಡಲಿಲ್ಲ.

ಚಿಕ್ಕಮ್ಮ ತಲೆ ಒರೆಸಿಕೊಳ್ಳುತ್ತ ಬಂದಳು. ಹಾಳೆಗಳನ್ನು ಕಂಡು ಅಲ್ಲೇ ನಿಂತಳು. ನಾನು ಅವಳ ಕೈ ಹಿಡಿದು ಕೂರಿಸಿ, ತೋರುಬೆರಳನ್ನು ಕಟ್ಟಿನ ಬದಿಯ ಕೆಳಮೂಲೆಯಲ್ಲಿ ಇಟ್ಟೆ. ಅವಳು ಬೆರಳು ಮೇಲೆ ಸರಿಸುತ್ತ ಹೋದಳು, ಕೊನೆ ಮುಟ್ಟಿದಳು, ಮತ್ತೆ ಕೆಳಗಿನಿಂದ ಸರಿಸಿದಳು.

"ಯಾವ ಕ್ರಮ?" ಎಂದಳು.

ಸ್ಲೇಟಿನಲ್ಲಿ "ತಾರೀಖು" ಎಂದು ಬರೆದೆ. ಅದರ ಕೆಳಗೆ "ಇದು ಇತ್ತು ಚಿಕ್ಕಮ್ಮ. ತಪ್ಪು ನನ್ನದು. ಆ ಕಾಗದ ಇಟ್ಟವಳು ನಾನು," ಎಂದು ಬರೆಯುವಾಗ ಕಣ್ಣೀರು ಬಿದ್ದು ಅಕ್ಷರ ಕಲಸಿತು. ಅವಳು ಓದಿದಳು. ನನ್ನ ಕೆನ್ನೆಗೆ ಒಂದು ಏಟು ಕೊಟ್ಟಳು. ಮೆಲ್ಲಗೇ ಕೊಟ್ಟಳು, ನಿಜವಾದ ಏಟೇ. ಆಮೇಲೆ ಅದೇ ಕೆನ್ನೆಯನ್ನು ಅಂಗೈಯಿಂದ ಒರೆಸಿದಳು. ನಾಲ್ಕು ವರ್ಷದಲ್ಲಿ ನಾನು ಕಾಣದ ಮುಖ ಅದು. ಎಕ್ಸ್‌ಚೇಂಜಿನಲ್ಲಿ ಲೈನು ಸಿಕ್ಕಾಗ ಅವಳ ಮುಖ ಹಾಗಾಗುತ್ತಿತ್ತು.

"ಹಾಗಾದ್ರೆ ನಾನು ಸುಳ್ಳಿ ಅಲ್ಲ," ಎಂದಳು. ನಾನು ಅಲ್ಲವೆಂದು ತಲೆಯಾಡಿಸಿದೆ. ಸಂತೋಷದಿಂದ ಅವಳನ್ನು ತಬ್ಬಿಕೊಳ್ಳಲು ಹೋದೆ.

ಅವಳು ಆಗಲೇ ಗೆರೆಯ ಕಡೆ ತಿರುಗಿದ್ದಳು. ಮೇಲಿನ ಹಾಳೆಯ ಮೇಲೆ, ಎಡ ಅಂಚಿಗೆ ಕೈಯಿಟ್ಟು ಅಳೆದಳು. ತಳದಿಂದ ಗೆರೆಯವರೆಗೆ ಒಂದು ಗೇಣು.

"ಟೇಪು ಎಷ್ಟು ವರ್ಷದ್ದು?"

ಐದು ಎಂದು ಬೆರಳು ತೋರಿಸಿದೆ.

"ಟೇಪು ನಿಂತು?"

ಏಳು.

ಗೆರೆಯಿಂದ ಮೇಲಕ್ಕೆ ಇನ್ನೊಂದು ಗೇಣು ಇಟ್ಟಳು. "ಇದು ಮುಂದಿನ ಐದು ವರ್ಷ." ಉಳಿದದ್ದಕ್ಕೆ ಬೆರಳು ಜೋಡಿಸಿದಳು. ಐದು ಬೆರಳು. "ಇದು ಎರಡು." ಐದನೆಯ ಬೆರಳಿಗೆ ಹಾಳೆ ಮುಗಿದಿತ್ತು.

ದೂರದ್ದು ಕೆಳಗೆ, ಹತ್ತಿರದ್ದು ಮೇಲೆ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ನಮ್ಮ ಬೀದಿಯ ಕೊನೆಯಲ್ಲೇ ಬಂದರು ಇದೆ. ಕಿಟಕಿಯಿಂದ ಅದರ ಗೋಡೆ ಕಾಣುತ್ತದೆ. ಭಾನುವಾರದ ಬಿಸಿಲು ಬಿದ್ದಿತ್ತು, ಯಾರೋ ಗೋಡೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದರು. ಸ್ಲೇಟು ತೆಗೆದುಕೊಂಡು, "ಈಗಲೂ ಕೇಳಿಸುತ್ತಾ?" ಎಂದು ಬರೆದೆ.

"ದಿನಾ," ಎಂದಳು. "ಇಲ್ಲ ಅಂದ್ರಲ್ಲ ನೀವೆಲ್ಲ. ಅದಕ್ಕೇ ಹೇಳ್ಲಿಲ್ಲ."

ಆಮೇಲೆ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ತನ್ನ ಸತ್ತ ಕಿವಿಯ ಹಿಂದಿನ ಎಲುಬನ್ನು ನನ್ನ ಕಿವಿಯ ಹಿಂದಕ್ಕೆ ಒತ್ತಿದಳು. ಒದ್ದೆ ಕೂದಲು, ಸೋಪಿನ ವಾಸನೆ. ಮೊದಲು ನನ್ನದೇ ಎದೆಬಡಿತ. ಆಮೇಲೆ ಹಿಂದಿನ ಹಲ್ಲುಗಳಲ್ಲಿ ಒಂದು ನೋವು. ಆಮೇಲೆ ಅದು ಬಂತು. ಅದನ್ನು ಸದ್ದು ಎನ್ನಲು ನಾಲಿಗೆ ಬರುವುದಿಲ್ಲ. ಬಹಳ ಭಾರದ ಒಂದು ಬಾಗಿಲನ್ನು ಯಾರೋ ಬಹಳ ನಿಧಾನವಾಗಿ ಎಳೆಯುತ್ತಿರುವ ಹಾಗಿತ್ತು. ನಡುವೆ ಒಂದು ಸಲ ನಿಂತಿತು. ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಮತ್ತೆ ಶುರುವಾಯಿತು.

ಚಿಕ್ಕಮ್ಮ ತನ್ನ ತಲೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಸದ್ದು ನನ್ನಲ್ಲಿ ಹಾಗೇ ಇತ್ತು. ನನ್ನ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ಕಿಟಕಿಯಾಚೆ, ಗೋಡೆಯ ಮೇಲೆ ಕೂತಿದ್ದವರ ಕೈಯೂ ಅಲ್ಲೇ ಇತ್ತು. ಅವರು ತಿರುಗಿ ನೀರಿನ ಕಡೆ ನೋಡುತ್ತಿದ್ದರು.

ಸ್ಲೇಟು ಒರೆಸಿ ಬರೆದೆ: "ಚಿಕ್ಕಮ್ಮ, ಇದು ಇದೆಯಾ?"

ಅವಳು ಓದಿದಳು. ನಾಲ್ಕು ವರ್ಷ ನಾನು ಅವಳಿಗೆ ಹೇಳುತ್ತಿದ್ದ ಹಾಗೆಯೇ, ನನ್ನ ತೋಳಿನ ಮೇಲೆ ಕೈಯಿಟ್ಟು ಹೇಳಿದಳು.

"ಇದೆ ಮಗು, ಇದೆ."

ಹೇಳಿ, ಕುಂಚ ಎಲ್ಲಿಟ್ಟಿದ್ದೀಯೆ ಎಂದು ಕೇಳುತ್ತ ಎದ್ದು ಲೋಟಕ್ಕೆ ನೀರು ತುಂಬಿಸಲು ಹೋದಳು.